ಭಗಂದರವ್ರಣದ ರೋಪಣಕ್ರಮ

ಅರ್ಶಸ್ಸು, ಪರಿಕರ್ತಿಕೆ, ಭಗಂದರ ಎಂಬ ಮೂರು ವ್ಯಾಧಿಗಳೂ ಗುದದೇಶದಲ್ಲಿಯೇ ಹುಟ್ಟುವುವಾದರೂ ಅವುಗಳ ಸ್ವರೂಪವು ಬೇರೆ ಬೇರೆ. ಸಗರನಾಡೆಂದು ಹೆಸರಾದ ಸುರಪುರ ಶಹಾಪುರಗಳ ಸೀಮೆಯಲ್ಲಿಯೂ ಅದಕ್ಕೆ ಹೊಂದಿದ ಯಾದಗಿರಿಯಲ್ಲಿಯೂ, ಕನ್ನಡನಾಡಿನ ಉಳಿದ ಭಾಗಗಳಲ್ಲಿರುವಂತೆಯೇ, ಜನರು ಇವೆಲ್ಲವನ್ನೂ ಮೂಲವ್ಯಾಧಿಯೆಂಬ ಒಂದೇ ಹೆಸರಿನಿಂದ ಕರೆಯುವರು. ಹೆಸರು ತಪ್ಪಿದಲ್ಲಿ ಚಿಕಿತ್ಸೆಯೂ ತಪ್ಪುವುದು. ಅರ್ಶಸ್ಸು ಉಬ್ಬಿದ ರಕ್ತನಾಳಗಳ ಮೊಳಕೆ. ಪರಿಕರ್ತಿಕೆ ಗುದದ ಅಂಚಿನಲ್ಲಿ ಬಿಟ್ಟ ಸೀಳು. ಭಗಂದರವಾದರೋ ಒಳಗೊಂದು ಹೊರಗೊಂದು ಬಾಯಿಯುಳ್ಳ ಸುರಂಗ. ಸಂಸ್ಕೃತ ವೈದ್ಯರು ಇಂಥ ಸುರಂಗವನ್ನು ನಾಡೀ ಎಂದರು. ಪಾಶ್ಚಾತ್ಯರು ಫಿಸ್ತುಲಾ ಎನ್ನುವ ಲ್ಯಾಟಿನ್ ಮಾತಿಗೂ ಕೊಳವೆಯೆಂಬುದೇ ಅರ್ಥ. ಯುನಾನೀ ಹಕೀಮರು ನಾಸೂರೆಂದು ಕರೆಯುವುದೂ ಈ ಜಾತಿಯ ವ್ರಣವನ್ನೇ.

ಈ ವ್ಯಾಧಿಯ ಶಸ್ತ್ರಕ್ರಿಯೆಯನ್ನು ಕುರಿತು ಬರೆದವರು ಅನೇಕರುಂಟು. ಶಸ್ತ್ರಕ್ರಿಯೆಯಾದ ಮೇಲೆ ರೋಗಿಯು ಮನೆಗೆ ಬಂದು ಕಳೆಯತಕ್ಕ ವಾರಗಳನ್ನು ಕುರಿತು ಕನ್ನಡದಲ್ಲಿ ಬರೆದುದು ಅಲ್ಪ. ಹೀಗಿದ್ದರೂ ಭಗಂದರದಲ್ಲಿ ಗೆಲವು ಸೋಲುಗಳು ಬಹುಮಟ್ಟಿಗೆ ನಿರ್ಣಯವಾಗುವುದು ಆ ವಾರಗಳಲ್ಲಿಯೇ. ಆದುದರಿಂದ ವ್ರಣವು ಮಾಯುವ ಕ್ರಮವನ್ನೇ ಮುಖ್ಯವಾಗಿಟ್ಟುಕೊಂಡು ಪ್ರಾಚೀನ ಶಾಸ್ತ್ರವನ್ನೂ ಇಂದಿನ ವೈದ್ಯವನ್ನೂ ಇಲ್ಲಿ ಪರಿಶೀಲಿಸಲಾಗಿದೆ.

ಮೊದಲು ವ್ಯಾಧಿಯ ಉತ್ಪತ್ತಿ. ಗುದನಾಳದ ಒಳಗೋಡೆಯಲ್ಲಿ ಸುತ್ತಲೂ ಕೆಲವು ಸಣ್ಣ ಗ್ರಂಥಿಗಳಿರುವುವು. ಅವುಗಳಲ್ಲೊಂದರ ಬಾಯಿ ಕಟ್ಟಿ ಒಳಗೆ ಕೀವಾದರೆ, ಆ ಕೀವು ಸಡಿಲವಾದ ಮಾಂಸದೊಳಗೆ ದಾರಿ ಮಾಡಿಕೊಂಡು ಗುದದ ಪಕ್ಕದಲ್ಲಿ ಕುರುವಾಗಿ ಎದ್ದು ತೋರುವುದು. ಕುರುವು ತಾನಾಗಿ ಒಡೆದರೂ ವೈದ್ಯನು ಕೊಯ್ದರೂ ನೋವು ಒಡನೆ ಇಳಿಯುವುದು. ರೋಗಿಯು ಗುಣವಾಯಿತೆಂದು ತಿಳಿಯುವನು. ಆದರೆ ಒಳಗಿನ ಬಾಯಿ ತೆರೆದೇ ಇದ್ದಲ್ಲಿ ಆ ದಾರಿಯು ಮುಚ್ಚದೆ ನಿಂತು, ಕೆಲವು ದಿನ ಒಣಗಿ ಕೆಲವು ದಿನ ಸೋರುತ್ತ, ವರ್ಷಗಟ್ಟಲೆ ಇರುವುದು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಒಡೆಯದಿರುವಾಗ ಪಿಡಕೆ, ಒಡೆದ ಮೇಲೆ ಭಗಂದರ ಎಂದು ಹೆಸರನ್ನೇ ಭೇದ ಮಾಡಿರುವುದು ಈ ಕ್ರಮಕ್ಕೆ ಸರಿಯಾಗಿದೆ. ಅಲ್ಲಿ ಶತಪೋನಕ, ಉಷ್ಟ್ರಗ್ರೀವ, ಪರಿಸ್ರಾವಿ, ಶಂಬೂಕಾವರ್ತ, ಉನ್ಮಾರ್ಗಿ ಎಂದು ಐದು ಬಗೆಗಳನ್ನು ಹೇಳಿದೆ. ವಾಗ್ಭಟನು ಇವನ್ನು ಎಂಟಕ್ಕೆ ಬೆಳೆಯಿಸಿದನು. ಜರಡಿಯಂತೆ ಬಹುರಂಧ್ರಗಳುಳ್ಳುದು ಶತಪೋನಕ. ಶಂಖದ ಸುರುಳಿಯಂತೆ ಸುತ್ತಿದುದು ಶಂಬೂಕಾವರ್ತ. ಆಹಾರದೊಡನೆ ನುಂಗಿದ ಎಲುಬು ಚುಚ್ಚಿ ಆದುದು ಉನ್ಮಾರ್ಗಿ. ಕಡೆಯ ಎರಡನ್ನು ಸುಶ್ರುತನು ಅಸಾಧ್ಯವೆಂದು ಬಿಟ್ಟನು. ವಾತವ್ಯಾಧಿ, ಪ್ರಮೇಹ, ಕುಷ್ಠಗಳೊಂದಿಗೆ ಭಗಂದರವನ್ನೂ ಎಂಟು ಮಹಾವ್ಯಾಧಿಗಳಲ್ಲಿ ಅವನು ಎಣಿಸಿದುದು ಅತಿಶಯೋಕ್ತಿಯಲ್ಲ.

ಅದೇಕೆಂದರೆ, ಸುರಂಗವನ್ನು ಸೀಳುವುದು ಸುಲಭ. ಅದು ಹಾದುಹೋಗುವ ಮಾಂಸವನ್ನು ಉಳಿಸುವುದು ಕಷ್ಟ. ಗುದವನ್ನು ಬಿಗಿಹಿಡಿದು ಮಲವಾಯುಗಳನ್ನು ತಡೆಯುವ ಎರಡು ಪೇಶಿಗಳು ಉಂಗುರಗಳಂತೆ ಒಂದರೊಳಗೊಂದು ಇರುವುವು. ಸುರಂಗವು ಇವುಗಳ ಕೆಳಭಾಗವನ್ನು ಮಾತ್ರ ದಾಟಿದ್ದರೆ ಪೂರ್ತಿ ತೆರೆದು ಬಿಡಬಹುದು. ಮೇಲ್ಭಾಗವನ್ನು ದಾಟಿದ್ದರೆ ಹಾಗೆ ತೆರೆದವನು ರೋಗವನ್ನು ಕಳೆದು ಹಿಡಿತವನ್ನೂ ಕಳೆದಂತಾಗುವುದು. ಲಂಡನ್ನಿನ ಪಾರ್ಕ್ಸ್ ಎಂಬ ಶಸ್ತ್ರವೈದ್ಯನು 1976ರಲ್ಲಿ ಈ ಪೇಶಿಗಳಿಗೆ ಸುರಂಗವು ಇರುವ ಸಂಬಂಧದಿಂದಲೇ ನಾಲ್ಕು ಭೇದಗಳನ್ನು ಮಾಡಿದನು. ಇಂದಿನ ವೈದ್ಯರು ಅದನ್ನೇ ಅನುಸರಿಸುವರು. ಸುಶ್ರುತನಿಗೆ ಪೇಶಿಗಳ ಈ ವಿಭಾಗ ಗೊತ್ತಿರಲಿಲ್ಲವಾದರೂ ಅಪಾಯವು ಚೆನ್ನಾಗಿ ಗೊತ್ತಿದ್ದಿತು. ಶತಪೋನಕದಲ್ಲಿ ಒಂದಕ್ಕೊಂದು ಸೇರದ ನಾಡಿಗಳನ್ನು ಒಂದೇ ಸಲಕ್ಕೆ ಸೀಳಿ ಬಿಟ್ಟರೆ ಗುದವೇ ಬಿರಿದು, ಆ ತೆರೆದ ದಾರಿಯಿಂದ ಮಲಮೂತ್ರಗಳು ಹರಿಯತೊಡಗುವುವೆಂದೂ, ಅಂಥ ಸ್ಥಿತಿಯಲ್ಲಿ ಶಾಸ್ತ್ರ ಬಲ್ಲ ವೈದ್ಯನೂ ದಿಕ್ಕುಗೆಡುವನೆಂದೂ ಅವನು ಎಚ್ಚರಿಸಿರುವನು. ಒಂದನ್ನು ಕೊಯ್ದು ಅದು ಮಾದ ಮೇಲೆಯೇ ಮತ್ತೊಂದನ್ನು ಕೊಯ್ಯತಕ್ಕುದೆಂಬುದು ಅವನ ವಿಧಿ. ಸಾವಿರಾರು ರೋಗಿಗಳನ್ನು ನೋಡದೆ ಇಂಥ ಮಾತು ಹುಟ್ಟಲಾರದು.

ಶಸ್ತ್ರಕ್ರಿಯೆ ಮುಗಿಯಿತೆಂದುಕೊಳ್ಳೋಣ. ಬೇರೆ ಕಡೆ ಕೊಯ್ದ ಗಾಯಕ್ಕೆ ಹೊಲಿಗೆ ಹಾಕಿ ಕಳುಹಿಸುವ ವೈದ್ಯನು ಇಲ್ಲಿ ಸೀಳಿದ ಮಾರ್ಗವನ್ನು ಹಾಗೆಯೇ ತೆರೆದು ಬಿಡುವನು. ಇದನ್ನು ಕಂಡು ಮನೆಯವರು ಗಾಬರಿಯಾಗುವುದು ಸಹಜ. ಕೆಲಸವನ್ನು ಅರ್ಧಕ್ಕೆ ಬಿಟ್ಟಿದ್ದಾರೆಂದು ದೂರುವವರೂ ಉಂಟು. ಆದರೆ ತೆರೆದು ಬಿಡುವುದೇ ಈ ಚಿಕಿತ್ಸೆಯ ತಿರುಳು. ಹೊರಗಿನ ಚರ್ಮವು ಬೇಗ ಕೂಡುವ ಸ್ವಭಾವದ್ದು. ಒಳಗಿನ ಮಾಂಸವು ನಿಧಾನವಾಗಿ ತುಂಬುವುದು. ತಳವು ತುಂಬುವ ಮುನ್ನ ಮೇಲೆ ಚರ್ಮ ಮುಚ್ಚಿಕೊಂಡರೆ ನಡುವೆ ಒಂದು ಚೀಲ ಉಳಿದು, ಅದರಲ್ಲಿ ಕೀವು ಕೂಡಿ, ಹಳೆಯ ಸುರಂಗವೇ ಮತ್ತೆ ಸಿದ್ಧವಾಗುವುದು. ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ಸುಶ್ರುತನು, ಒಳಗೆ ದೋಷವಿರುವಾಗ ಆತುರಪಟ್ಟು ವ್ರಣವನ್ನು ಮಾಯಿಸಬಾರದು, ಹಾಗೆ ಮಾದುದು ಅಲ್ಪ ಅಪಚಾರದಿಂದಲೂ ಒಳಗೆ ಪೊಳ್ಳು ಮಾಡಿಕೊಂಡು ಮತ್ತೆ ಕೆಡುವುದು, ಒಳಗೂ ಹೊರಗೂ ಶುದ್ಧವಾದುದನ್ನೇ ಮಾಯಿಸಬೇಕು ಎಂಬ ಅಭಿಪ್ರಾಯವನ್ನು ಹೇಳಿರುವನು. ಅದು ಎಲ್ಲ ವ್ರಣಗಳಿಗೂ ಹೇಳಿದ ಮಾತು. ಭಗಂದರಕ್ಕೆ ಅದು ಹೊಂದುವಷ್ಟು ಮತ್ತಾವುದಕ್ಕೂ ಹೊಂದದು.

ಫ್ರಾನ್ಸಿನ ಅರಸನಾದ ಹದಿನಾಲ್ಕನೆಯ ಲೂಯಿಯ ವೃತ್ತಾಂತ ಇದಕ್ಕೆ ಒಳ್ಳೆಯ ದೃಷ್ಟಾಂತ. 1686ರ ನವಂಬರ 18ರಂದು ಫೆಲಿಕ್ಸ್ ಎಂಬ ಶಸ್ತ್ರವೈದ್ಯನು ಅವನ ಭಗಂದರವನ್ನು ಸೀಳಿದನು. ಅದಕ್ಕೆ ಮುನ್ನ ಹಲವು ತಿಂಗಳು ಬಡರೋಗಿಗಳ ಮೇಲೆ ಅವನು ಕೈ ಪಳಗಿಸಿಕೊಂಡಿದ್ದನು. ಆ ಬಡವರ ಗತಿಯೇನಾಯಿತೆಂದು ಚರಿತ್ರೆ ಬರೆದವರಿಗೆ ಅಷ್ಟಾಗಿ ಚಿಂತೆಯಾದಂತೆ ತೋರದು. ಅರಸನ ವ್ರಣವೂ ಒಂದೇ ಸಲಕ್ಕೆ ಮಾಯಲಿಲ್ಲ. ಡಿಸೆಂಬರಿನಲ್ಲಿ ಅದನ್ನು ಮತ್ತೆ ಕೊಯ್ಯಬೇಕಾಯಿತು. 1687ರ ಜನವರಿಯಲ್ಲಿ ಅವನು ಗುಣಹೊಂದಿದನು. ಅರಮನೆಯ ಸಕಲ ಉಪಚಾರವಿದ್ದವನಿಗೂ ಸುಮಾರು ಎಂಟು ವಾರ ಹಿಡಿಯಿತೆಂಬುದನ್ನು ವಾಚಕರು ಗಮನಿಸತಕ್ಕದ್ದು. ಇಂದು ಸರಳವಾದ ಭಗಂದರವನ್ನು ತೆರೆದುಬಿಟ್ಟರೆ ಅದು ಮಾಯುವುದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ಆಳವಾದುದಕ್ಕೂ ಕವಲೊಡೆದುದಕ್ಕೂ ಮೂರು ತಿಂಗಳಾದರೂ ಆಶ್ಚರ್ಯವಿಲ್ಲ.

ಆ ಅವಧಿಯಲ್ಲಿ ವ್ರಣದೊಳಗೆ ನಡೆಯುವುದೇನು? ಮೊದಲ ಕೆಲವು ದಿನ ಬಾವೂ ಕೆಂಪೂ ಇದ್ದು, ಸತ್ತ ಮಾಂಸವೂ ಕ್ರಿಮಿಗಳೂ ರಕ್ತದ ಬಿಳಿಯ ಕಣಗಳಿಂದ ತೆಗೆದುಹಾಕಲ್ಪಡುವುವು. ಆಗ ತಿಳಿಹಳದಿ ರಸಿಕೆ ಸೋರುವುದು. ಅದೆಲ್ಲ ಕೀವೆಂದು ಭಯಪಡತಕ್ಕುದಿಲ್ಲ. ಅನಂತರ ತಳದಲ್ಲಿ ಸೂಕ್ಷ್ಮವಾದ ಹೊಸ ರಕ್ತನಾಳಗಳು ಹುಟ್ಟಿ, ದಾಳಿಂಬದ ಬೀಜಗಳನ್ನು ಒತ್ತಾಗಿ ಜೋಡಿಸಿದಂತೆ ಕೆಂಪು ಮಾಂಸಾಂಕುರಗಳು ಏಳುವುವು. ಇವು ತಳದಿಂದ ಮೇಲಕ್ಕೆ ತುಂಬಿ ಬಂದ ಮೇಲೆ ಅಂಚಿನಿಂದ ಚರ್ಮವು ಹರಿದು ಬಂದು ಮುಚ್ಚುವುದು. ಸುಶ್ರುತನ ಶುದ್ಧವ್ರಣ, ರುಹ್ಯಮಾಣವ್ರಣ, ಸಮ್ಯಗ್ರೂಢವ್ರಣ ಎಂಬ ಮೂರು ಅವಸ್ಥೆಗಳು ಇದರೊಡನೆ ಹೊಂದುವುವು. ನಾಲಗೆಯ ಮೇಲ್ಮೈಯಂತೆ ಕೆಂಪಾಗಿ ಮೆತ್ತಗೆ ನಯವಾಗಿ ನೋವೂ ಸ್ರಾವವೂ ಇಲ್ಲದುದು ಶುದ್ಧ. ಪಾರಿವಾಳದ ಬಣ್ಣಕ್ಕೆ ತಿರುಗಿ ಅಂಚು ಒಣಗುತ್ತ ಬರುವುದು ರುಹ್ಯಮಾಣ. ಗಂಟು, ಬಾವು, ನೋವುಗಳಿಲ್ಲದೆ ಚರ್ಮದ ಬಣ್ಣಕ್ಕೇ ಸೇರಿ ಸಮತಟ್ಟಾದುದು ಸಮ್ಯಗ್ರೂಢ. ನಾಲಗೆಗೆ ಹೋಲಿಸಿದುದಂತೂ, ಮಾಂಸಾಂಕುರಗಳನ್ನು ಒಮ್ಮೆ ಕಂಡವರಿಗೆ, ಎಷ್ಟು ಯಥಾರ್ಥವೆಂಬುದು ಹೊಳೆಯದೆ ಇರದು. ರೋಗಿಗೆ ತನ್ನ ವ್ರಣ ಕಾಣದ ಸ್ಥಳದಲ್ಲಿರುವುದರಿಂದ ಮನೆಯಲ್ಲಿ ಒಬ್ಬರಾದರೂ ಈ ಲಕ್ಷಣಗಳನ್ನು ಗುರುತಿಸಲು ಕಲಿತಿರಬೇಕು.

ನಿತ್ಯೋಪಚಾರವು ದೊಡ್ಡ ವಿದ್ಯೆಯೇನಲ್ಲ. ಮಲವಿಸರ್ಜನೆಯಾದೊಡನೆಯೂ, ಅದಲ್ಲದೆ ದಿನಕ್ಕೆ ಎರಡು ಮೂರು ಸಾರಿಯೂ, ಅಗಲವಾದ ಬೋಗುಣಿಯಲ್ಲಿ ಮೈಗೆ ಹಿತವಾದ ಬಿಸಿನೀರು ತುಂಬಿ ಹತ್ತು ಹದಿನೈದು ನಿಮಿಷ ಕುಳಿತುಕೊಳ್ಳತಕ್ಕದ್ದು. ಆಯುರ್ವೇದದಲ್ಲಿ ಇದೇ ಅವಗಾಹಸ್ವೇದ. ಬಿಗಿದ ಪೇಶಿ ಸಡಿಲಿ ನೋವು ಇಳಿಯುವುದು, ವ್ರಣವೂ ತೊಳೆದುಹೋಗುವುದು. ನೀರಿಗೆ ಏನೂ ಹಾಕಬೇಕಾದುದಿಲ್ಲ. ಬಳಿಕ ಒರಸದೆ, ಮೆತ್ತನೆಯ ಬಟ್ಟೆಯಿಂದ ಒತ್ತಿ ಒಣಗಿಸಿ, ಶುದ್ಧವಾದ ಗಾಜಬಟ್ಟೆಯನ್ನು ಹಗುರವಾಗಿ ಇಡಬೇಕು. ಗಾಯದೊಳಕ್ಕೆ ಬಟ್ಟೆಯನ್ನು ಗಿಡಿದು ತುಂಬುವ ಪದ್ಧತಿ ಮೊದಲು ವಿಶೇಷವಾಗಿತ್ತು. ಅದು ನೋವನ್ನು ಹೆಚ್ಚಿಸುವುದೆಂದು ಕಂಡುದರಿಂದ ಈಗ ಹಲವರು ಬಿಟ್ಟಿರುವರು. ಅಂಚುಗಳು ಅಕಾಲದಲ್ಲಿ ಕೂಡದಂತೆ ನೋಡಿಕೊಳ್ಳುವುದು ವೈದ್ಯನ ಕೆಲಸ. ಅದಕ್ಕಾಗಿಯೇ ವಾರವಾರವೂ ಬರಹೇಳುವರು.

ಕಟ್ಟನ್ನು ಎಂದು ಬಿಚ್ಚಬೇಕೆಂಬುದನ್ನು ಸುಶ್ರುತನು ಋತುವಿನಿಂದ ನಿರ್ಣಯಿಸಿದನು. ಹೇಮಂತ, ಶಿಶಿರ, ವಸಂತಗಳಲ್ಲಿ ಮೂರು ದಿನಕ್ಕೊಮ್ಮೆ, ಶರತ್ತು, ಗ್ರೀಷ್ಮ, ವರ್ಷಗಳಲ್ಲಿ ಎರಡು ದಿನಕ್ಕೊಮ್ಮೆ ಎಂಬುದು ಅವನ ನಿಯಮ. ಮಲದ ಹಾದಿಯಲ್ಲಿರುವ ವ್ರಣಕ್ಕೆ ಇಂದು ಅಷ್ಟು ಅಂತರವೂ ಸಲ್ಲದು. ಆದರೂ ಸೆಕೆಯಲ್ಲಿ ಬೇಗ ಬಿಚ್ಚಬೇಕೆಂಬ ಅದರ ತತ್ತ್ವವು ಯಾದಗಿರಿಯ ಸೀಮೆಗೆ ವಿಶೇಷವಾಗಿ ಅನ್ವಯಿಸುವುದು. ಭೀಮಾ ಕೃಷ್ಣೆಗಳ ನಡುವಣ ಈ ಕರಿಯ ನೆಲದಲ್ಲಿ ಬೇಸಿಗೆಯ ತಾಪವು 40 ಡಿಗ್ರಿಯನ್ನು ಮೀರುವುದು. ಬೆವರಿನಿಂದ ಬಟ್ಟೆ ತೊಯ್ದು ವ್ರಣದ ಸುತ್ತಣ ಚರ್ಮ ಬೆಂದಂತಾಗುವುದು. ಹೊಲದ ಕೆಲಸ ಕಡಮೆಯೆಂದು ಬೇಸಿಗೆಯಲ್ಲಿಯೇ ಶಸ್ತ್ರಕ್ರಿಯೆಗೆ ಹೋಗುವವರು ಬಿಸಿನೀರಿಗೆ ಬೇಕಾದ ನೀರನ್ನೂ ಮುಂಚೆಯೇ ಯೋಚಿಸಿಕೊಂಡಿರಬೇಕು.

ಪಥ್ಯದ ಉದ್ದೇಶ ಒಂದೇ: ಮಲವು ಗಟ್ಟಿಯಾಗಲೂ ಬಾರದು, ನೀರಾಗಲೂ ಬಾರದು. ಮಲವಿಸರ್ಜನೆಯ ನೋವಿಗೆ ಅಂಜಿ ಊಟವನ್ನೇ ಬಿಡುವ ರೋಗಿಯು ಎರಡು ದಿನದ ಮೇಲೆ ಹತ್ತರಷ್ಟು ನೋವನ್ನು ಉಣ್ಣುವನು. ಜೋಳದ ರೊಟ್ಟಿಗೆ ದೋಷವಿಲ್ಲ. ನಾರಿರುವ ಧಾನ್ಯವಾದುದರಿಂದ ಅದು ಒಳ್ಳೆಯದೇ, ನೀರು ಸಾಕಷ್ಟು ಕುಡಿಯಬೇಕು ಅಷ್ಟೆ. ಇಸಬಗೋಲಿನ ತೌಡನ್ನೋ ಮಲವನ್ನು ಮೆದುಮಾಡುವ ಔಷಧವನ್ನೋ ವೈದ್ಯರು ಕೊಡುವರು. ವ್ರಣಿತೋಪಾಸನೀಯಾಧ್ಯಾಯದಲ್ಲಿ ಸುಶ್ರುತನು ಹಳೆಯ ಅಕ್ಕಿ, ಹೆಸರಿನ ಕಟ್ಟು, ತುಪ್ಪ, ಕೀರೆ, ಎಳೆಯ ಮೂಲಂಗಿ, ಪಡುವಲ, ಹಾಗಲ, ದಾಳಿಂಬ, ನೆಲ್ಲಿಗಳನ್ನು ಹಿತವೆಂದೂ, ಹೊಸಧಾನ್ಯ, ಉದ್ದು, ಹುರುಳಿ, ಎಳ್ಳು, ಹುಳಿ, ಉಪ್ಪು, ಖಾರಗಳನ್ನು ಅಹಿತವೆಂದೂ ಹೇಳಿರುವನು. ಹೊಟ್ಟೆಗೆ ನಿಷೇಧಿಸಿದ ಎಳ್ಳನ್ನೇ ಅರೆದು ಜೇನುತುಪ್ಪಗಳೊಡನೆ ವ್ರಣಕ್ಕೆ ಲೇಪಿಸಹೇಳಿರುವುದು ವಿನೋದವಾಗಿ ತೋರಬಹುದು. ಹೊರಗಣ ಗುಣವೂ ಒಳಗಣ ಗುಣವೂ ಬೇರೆಯೆಂದು ಅವನ ಮತ. ಈ ಸೀಮೆಯ ಊಟದ ಜೀವವಾದ ಕೆಂಪು ಮೆಣಸಿನಕಾಯಿಯನ್ನು ಅವನು ಕಂಡಿರಲಿಲ್ಲ. ಅದು ಪೋರ್ತುಗೀಜರಿಂದ ಹದಿನಾರನೆಯ ಶತಮಾನದಲ್ಲಿ ಭರತಖಂಡಕ್ಕೆ ಬಂದುದು. ಕಂಡಿದ್ದರೆ ನಿಷೇಧದ ಪಟ್ಟಿಯಲ್ಲಿ ಮೊದಲು ಅದನ್ನೇ ಬರೆಯುತ್ತಿದ್ದನೆಂಬುದರಲ್ಲಿ ಸಂದೇಹವಿಲ್ಲ.

ಗಾಯಾಳುವಿಗೆ ಬಲ ಬರಲು ಮಾಂಸರಸವೂ ಬೇಕೆಂದು ಸುಶ್ರುತನ ವಿಧಿ. ಮಾಂಸವನ್ನು ಉಣ್ಣದ ಮನೆಗಳವರು ಇದರಿಂದ ಅಳುಕಬೇಕಾದುದಿಲ್ಲ. ಯಾದಗಿರಿಗೆ ಉತ್ತರದಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗನ ಸಭೆಯಲ್ಲಿ ಮಾಂಸವು ಔಷಧಕ್ಕೆ ಅನಾವಶ್ಯಕವೆಂದು ವಾದಿಸಿದ ಉಗ್ರಾದಿತ್ಯನೆಂಬ ಜೈನಾಚಾರ್ಯನ ಕಲ್ಯಾಣಕಾರಕವು 1940ರಲ್ಲಿ ಸೊಲ್ಲಾಪುರದಲ್ಲಿ ಅಚ್ಚಾಯಿತು. ವ್ರಣವು ತುಂಬಲು ಬೇಕಾದ ಸತ್ತ್ವವು ಹೆಸರು, ತೊಗರಿ, ಹಾಲುಗಳಲ್ಲಿಯೂ ಉಂಟು. ತೊಗರಿಗಂತೂ ಈ ನಾಡಿನಲ್ಲಿ ಬರವಿಲ್ಲ.

ಪೇಶಿಯನ್ನು ಉಳಿಸಿಕೊಂಡು ಸುರಂಗವನ್ನು ಕಳೆಯುವ ಇನ್ನೊಂದು ಮಾರ್ಗವೇ ಕ್ಷಾರಸೂತ್ರ. ಕೃಶರಿಗೂ ದುರ್ಬಲರಿಗೂ ಅಂಜುವವರಿಗೂ, ಮರ್ಮಸ್ಥಾನದಲ್ಲಿರುವ ನಾಡಿಗೂ, ಶಸ್ತ್ರವನ್ನು ಬಿಟ್ಟು ಕ್ಷಾರ ಸವರಿದ ನೂಲನ್ನು ಹಾಯಿಸಿ ಎರಡು ತುದಿಗಳನ್ನೂ ಕಟ್ಟತಕ್ಕುದೆಂದು ಸುಶ್ರುತನ ಚಿಕಿತ್ಸಾಸ್ಥಾನದಲ್ಲಿದೆ; ಭಗಂದರಕ್ಕೂ ಅದೇ ವಿಧಿಯೆಂದು ಅಲ್ಲಿಯೇ ಹೇಳಿದೆ. ನೂಲನ್ನು ಕಳ್ಳಿಯ ಹಾಲಿನಲ್ಲಿಯೂ ಅರಿಸಿನದಲ್ಲಿಯೂ ಮತ್ತೆ ಮತ್ತೆ ಭಾವನೆ ಮಾಡುವ ಕ್ರಮವನ್ನು ಹನ್ನೊಂದನೆಯ ಶತಮಾನದ ಚಕ್ರಪಾಣಿದತ್ತನು ತಿಳಿಸಿದನು. ಬಹುಕಾಲ ಗ್ರಂಥಗಳಲ್ಲಿಯೇ ಉಳಿದಿದ್ದ ಈ ವಿಧಾನವನ್ನು 1960ರ ದಶಕದಲ್ಲಿ ಕಾಶೀ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಪಿ. ಜೆ. ದೇಶಪಾಂಡೆ ಮೊದಲಾದವರು ಪುನಃ ಬಳಕೆಗೆ ತಂದರು. ಈಗಿನ ಪದ್ಧತಿಯಂತೆ ಗಟ್ಟಿನೂಲಿಗೆ ಕಳ್ಳಿಹಾಲಿನ 11 ಲೇಪ, ಕಳ್ಳಿಹಾಲೂ ಉತ್ತರಣಿಯ ಕ್ಷಾರವೂ ಸೇರಿದ 7 ಲೇಪ, ಕಳ್ಳಿಹಾಲೂ ಅರಿಸಿನವೂ ಸೇರಿದ 3 ಲೇಪ, ಹೀಗೆ ಒಟ್ಟು 21 ಲೇಪಗಳನ್ನು ಒಂದೊಂದನ್ನೂ ಒಣಗಿಸಿ ಕೊಡುವರು. ವಾರಕ್ಕೊಮ್ಮೆ ಹಳೆಯ ನೂಲಿನ ತುದಿಗೆ ಹೊಸದನ್ನು ಗಂಟುಹಾಕಿ ಎಳೆದು ಬದಲಾಯಿಸುವರು. ನೂಲು ಸ್ವಲ್ಪ ಸ್ವಲ್ಪವಾಗಿ ಕೊಯ್ಯುತ್ತ ಬರುವುದು. ಹಿಂದೆ ಕೊಯ್ದ ಭಾಗ ಅಷ್ಟರಲ್ಲಿ ಮಾಯುತ್ತ ಬರುವುದು. ಕೊಯ್ದ ಪೇಶಿಯ ತುದಿಗಳು ದೂರ ಸರಿಯದಿರುವುದೇ ಇದರ ಗುಣ.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಹಲವು ಆಸ್ಪತ್ರೆಗಳಲ್ಲಿ ಶಸ್ತ್ರಕ್ರಿಯೆಯನ್ನೂ ಕ್ಷಾರಸೂತ್ರವನ್ನೂ ಹೋಲಿಸಿ 1991ರಲ್ಲಿ ಫಲವನ್ನು ಪ್ರಕಟಿಸಿತು. ಶಸ್ತ್ರಕ್ರಿಯೆಯ ವ್ರಣ ಸುಮಾರು 4 ವಾರಗಳಲ್ಲಿ ಮಾದರೆ ಕ್ಷಾರಸೂತ್ರಕ್ಕೆ ಸುಮಾರು 8 ವಾರ ಹಿಡಿಯಿತು. ಆದರೆ ರೋಗವು ಮರುಕಳಿಸಿದುದು ಶಸ್ತ್ರಕ್ರಿಯೆಯಲ್ಲಿ ನೂರಕ್ಕೆ 11 ಮಂದಿಗೆ, ಕ್ಷಾರಸೂತ್ರದಲ್ಲಿ ನೂರಕ್ಕೆ 4 ಮಂದಿಗೆ. ತಡವಾಗಿ ಮಾದುದು ಗಟ್ಟಿಯಾಗಿ ನಿಂತಿತೆಂದು ಇದರ ಅರ್ಥ. ಇದನ್ನು ಕೇಳಿ ಹಿಗ್ಗುವ ಆಯುರ್ವೇದಾಭಿಮಾನಿಗಳು ಇನ್ನೊಂದನ್ನೂ ನೆನೆಯಬೇಕು. ಕಳ್ಳಿ, ಉತ್ತರಣಿ, ಅರಿಸಿನಗಳು ಸಿಕ್ಕ ಮಾತ್ರಕ್ಕೆ ಕ್ಷಾರಸೂತ್ರವು ಸಿಕ್ಕಿದಂತಲ್ಲ. ಆಪರೇಶನ್ ಇಲ್ಲದೆ ಮೂಲವ್ಯಾಧಿ ಗುಣವೆಂದು ಬಸ್ ನಿಲ್ದಾಣಗಳ ಸಮೀಪದಲ್ಲಿ ಹಲಗೆ ತೂಗಹಾಕಿದವರ ಕೈಯಲ್ಲಿ ಸುಡುವ ಔಷಧವು ಗುದದ ಪೇಶಿಯನ್ನೇ ತಿಂದುಹಾಕಬಹುದು. ಒಳಬಾಯಿಯನ್ನು ಕಂಡುಹಿಡಿಯದೆ ಏಷಣಿಯನ್ನು ಬಲವಾಗಿ ನೂಕಿದವನು ಹೊಸದೊಂದು ಸುರಂಗವನ್ನು ತೋಡಿದಂತಾಗುವುದು. ಶಲ್ಯತಂತ್ರವನ್ನು ಕ್ರಮವಾಗಿ ಓದಿ ಆಸ್ಪತ್ರೆಯಲ್ಲಿ ಅಭ್ಯಾಸ ಮಾಡಿದವರಲ್ಲಿಗೇ ಹೋಗಬೇಕು. ಬಳ್ಳಾರಿಯಲ್ಲಿ ಪಂಡಿತ ತಾರಾನಾಥರ ಹೆಸರಿನಲ್ಲಿರುವ ಸರಕಾರೀ ಆಯುರ್ವೇದ ಕಾಲೇಜು ಈ ಸೀಮೆಗೆ ತೀರ ದೂರವಲ್ಲ. ಪಾಶ್ಚಾತ್ಯ ಶಸ್ತ್ರಚಿಕಿತ್ಸೆಯಾದರೆ 1963ರಲ್ಲಿ ಸ್ಥಾಪಿತವಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಕಲಬುರ್ಗಿಯಲ್ಲಿಯೇ ಇದೆ.

ಎಲ್ಲ ಉಪಚಾರವಾದರೂ ಮಾಯದ ವ್ರಣಗಳುಂಟು. ಆಗ ಗುಟ್ಟಾಗಿ ಉಳಿದ ಕವಲನ್ನು ಮೊದಲು ಹುಡುಕಬೇಕು, ಎಂ.ಆರ್.ಐ. ಚಿತ್ರವು ಇದಕ್ಕೆ ಬಹಳ ಸಹಾಯಕ. ಮಧುಮೇಹ, ಕ್ಷಯ, ಕರುಳಿನ ಕ್ರೋನ್ ವ್ಯಾಧಿ, ಬೀಡಿ ಸಿಗರೇಟುಗಳ ಚಟ, ಇವು ರೋಪಣಕ್ಕೆ ಅಡ್ಡಬರುವುವು. ಬಟ್ಟೆ ತೊಯ್ಯುವಷ್ಟು ರಕ್ತ ಬಂದರೂ, ಜ್ವರವೂ ಹೆಚ್ಚುತ್ತ ಹೋಗುವ ನೋವೂ ಇದ್ದರೂ, ಶಸ್ತ್ರಕ್ರಿಯೆಯಾದ ದಿನ ಮೂತ್ರವೇ ಕಟ್ಟಿದರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗತಕ್ಕದ್ದು. ವಾಯು ತಡೆಯದಾಗುವುದು, ಒಳಉಡುಪು ಕಲೆಯಾಗುವುದು, ಇವನ್ನು ನಾಚಿಕೆಯಿಂದ ಮುಚ್ಚಿಡುವವರೇ ಹೆಚ್ಚು. ಹೆಂಗಸರಂತೂ ಗುದದ ವ್ಯಾಧಿಯನ್ನೇ ವರ್ಷಗಟ್ಟಲೆ ಬಾಯಿಬಿಡರು. ಮೊದಲ ವಾರಗಳ ಅಂಥ ಸಡಿಲವು ಎಷ್ಟೋ ಜನರಲ್ಲಿ ತಾನಾಗಿ ಸರಿಹೋಗುವುದು, ಉಳಿದರೆ ಚಿಕಿತ್ಸೆಯುಂಟು. ಹೇಳದೆ ಇದ್ದವರಿಗೆ ಎರಡೂ ಇಲ್ಲ.

ಈ ಸೀಮೆಯಿಂದ ಬೆಂಗಳೂರು ಮುಂಬಯಿಗಳ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳು ಬಹಳ. ದಿನಗೂಲಿಯವನಿಗೆ ಆರು ವಾರದ ವಿಶ್ರಾಂತಿಯೆಂದರೆ ಆರು ವಾರದ ಉಪವಾಸಕ್ಕೆ ಸಮೀಪ. ಎರಡನೆಯ ವಾರದಲ್ಲಿ ನೋವು ಇಳಿದೊಡನೆ ಅವನು ಬುತ್ತಿ ಕಟ್ಟಿಕೊಂಡು ರೈಲು ಹತ್ತುವನು; ಬಿಸಿನೀರಿಲ್ಲದ ತಗಡಿನ ಜೋಪಡಿಯಲ್ಲಿ ವ್ರಣದ ಮೇಲ್ಭಾಗ ಕೂಡಿ, ಊರಿಗೆ ಮರಳುವಾಗ ರೋಗವೂ ಮರಳಿರುವುದು. ಎರಡನೆಯ ಸಲದ ಶಸ್ತ್ರಕ್ರಿಯೆಯು ಮೊದಲಿನದಕ್ಕಿಂತ ಕಠಿನ. ಹಿಡಿತ ಕೆಡುವ ಭಯವೂ ಹೆಚ್ಚು. ವೈದ್ಯನು ಔಷಧದ ಚೀಟಿಯನ್ನು ಬರೆಯುವ ಮುನ್ನ ಕೂಲಿಯ ಲೆಕ್ಕವನ್ನು ಕೇಳಿ, ಗುಳೆ ಹೊರಡುವ ಕಾಲಕ್ಕೆ ಮುಂಚೆ ಎರಡು ಮೂರು ತಿಂಗಳು ದೊರೆಯುವಂತೆ ದಿನವನ್ನು ಗೊತ್ತುಮಾಡಿದರೆ ಅದೂ ಚಿಕಿತ್ಸೆಯ ಒಂದು ಅಂಗವೇ ಆಗುವುದು. ಕುಳಿತು ಮಾಡುವ ಹಗುರ ಕೆಲಸಕ್ಕೆ ಎರಡು ವಾರಗಳ ಮೇಲೆ ಅಡ್ಡಿಯಿಲ್ಲ. ಭಾರ ಹೊರುವುದಕ್ಕೆ ವೈದ್ಯನ ಅನುಮತಿ ಬೇಕು.

ವ್ರಣ ಮಾದ ಮೇಲೆಯೂ ಒಂದು ವರ್ಷದ ವರೆಗೆ ವ್ಯಾಯಾಮ, ಮೈಥುನ, ಕೋಪ, ಪ್ರಾಣಿಗಳ ಬೆನ್ನೇರಿ ಸವಾರಿ, ಗುರುವಾದ ಆಹಾರ ಇವನ್ನು ಬಿಡಬೇಕೆಂದು ಸುಶ್ರುತನ ಕಟ್ಟಳೆ. ಇಂದಿನ ವೈದ್ಯರು ಇಷ್ಟು ಬಿಗಿ ಮಾಡುವುದಿಲ್ಲ. ಆದರೂ ವರ್ಷವೆಂಬ ಅವಧಿಯನ್ನು ಅವನು ಎಲ್ಲಿಂದ ಎಣಿಸಿದನೆಂಬುದು ವಿಚಾರಾರ್ಹ. ಮಾದ ಗಾಯದ ಕಲೆಗೆ ಮೂರು ವಾರದಲ್ಲಿ ಸಹಜಚರ್ಮದ ಬಲದ ಐದರಲ್ಲೊಂದು ಪಾಲು, ಮೂರು ತಿಂಗಳಿಗೆ ಐದರಲ್ಲಿ ನಾಲ್ಕು ಪಾಲು ಬರುವುದು. ಅದರೊಳಗಣ ತಂತುಗಳು ಕರಗಿ ಮತ್ತೆ ಹೊಂದಿಕೊಳ್ಳುವ ಕಾರ್ಯವು ವರ್ಷದವರೆಗೂ ನಡೆಯುವುದು. ಸೂಕ್ಷ್ಮದರ್ಶಕವಿಲ್ಲದವನು ರೋಗಿಗಳನ್ನು ಕಂಡೇ ಈ ಎಣಿಕೆಯನ್ನು ಮುಟ್ಟಿರಬೇಕು. ಬೆನ್ನೇರುವ ಸವಾರಿಯ ಸ್ಥಾನವನ್ನು ಈಗ ಮೋಟಾರು ಸೈಕಲ್ಲು ಆಕ್ರಮಿಸಿದೆ. ಶಹಾಪುರದಿಂದ ಸುರಪುರಕ್ಕೆ ಗುಂಡಿಬಿದ್ದ ಹಾದಿಯಲ್ಲಿ ಅದರ ಮೇಲೆ ಹೋಗಬೇಕಾದ ರೋಗಿಯು ಮೊದಲ ಮೂರು ತಿಂಗಳಾದರೂ ಬಸ್ಸನ್ನೇ ಹತ್ತುವುದು ಲೇಸು.